ರೋಲ್ ಹುಲ್ಲನ್ನು ಬಿಡಿಸದೆ ಗೊಂತಿಗೆ ಹಾಕಬೇಡಿ
ಯಂತ್ರದಲ್ಲಿ ಸುತ್ತಿದ ಭತ್ತದ ಹುಲ್ಲನ್ನು ಮುದ್ದೆಮುದ್ದೆಯಾಗಿ ಕಿತ್ತು ಹಾಕುವ ಬದಲು, ಕೈಯಲ್ಲಿ ಪೂರ್ತಿ ಬಿಡಿಸಿ ಕೊಡವಿ, 10 ಕೆ.ಜಿ.ಗೆ 2 ಲೀಟರ್ ನೀರಿನಲ್ಲಿ 50 ಗ್ರಾಂ ಉಪ್ಪು ಕರಗಿಸಿ ಚಿಮುಕಿಸಿ, ಅರ್ಧ ಗಂಟೆ ಬಿಟ್ಟು ಹಾಕಿ. ಹಸುವಿಗೆ ಮೇಲ್ದವಡೆಯಲ್ಲಿ ಮುಂದಿನ ಹಲ್ಲಿಲ್ಲ, ಮೇವನ್ನು ನಾಲಿಗೆಯಲ್ಲೇ ಸುತ್ತಿ ಎಳೆದುಕೊಳ್ಳಬೇಕು. ಒತ್ತಿಕೊಂಡ ಹುಲ್ಲಿಗೆ ನಾಲಿಗೆ ಸುತ್ತುವುದಿಲ್ಲ. ತಲೆ ಒದರಿ ಎಳೆದು, ಗರಿಯಷ್ಟೇ ಆರಿಸಿ ತಿಂದು, ಕಡ್ಡಿಯನ್ನೆಲ್ಲ ಕಾಲಡಿಗೆ ಕೆಡವುತ್ತದೆ. ಒಂದೇ ಗೊಂತಿನಲ್ಲಿ ಎರಡು ಮೂರು ದನ ಇದ್ದರಂತೂ ಜೋರಿನದು ಇಡೀ ಮುದ್ದೆಯನ್ನೇ ಎಳೆದುಕೊಂಡು ಉಳಿದವು ಅರೆಹೊಟ್ಟೆಯಲ್ಲಿ ನಿಲ್ಲುತ್ತವೆ. ಬಿಡಿಸುವಾಗ ದಾರದ ತುಂಡು ಒಂದೂ ಉಳಿಯದಂತೆ ನೋಡಿ, ಹೊಟ್ಟೆಗೆ ಹೋದರೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಮೆಷಿನ್‌ನಲ್ಲಿ ಕತ್ತರಿಸುವವರು ಒಂದೆರಡು ಇಂಚಿಗಿಂತ ಸಣ್ಣ ಮಾಡಬೇಡಿ, ಮೆಲುಕು ಕಡಿಮೆಯಾಗುತ್ತದೆ. ನಮ್ಮ ಮಂಡ್ಯ ಕಡೆ ನಾಲೆ ಗದ್ದೆಯಲ್ಲಿ ತೇವ ಆರುವ ಮೊದಲೇ ರೋಲ್ ಮಾಡಿಸಿದ್ದರೆ ಇದು ನಡೆಯುವುದಿಲ್ಲ: ನಡುಭಾಗ ಕಪ್ಪಾಗಿ, ಬೂಸ್ಟು ವಾಸನೆ ಬಂದರೆ ಉಪ್ಪುನೀರು ಹಾಕಿ ತಿನ್ನಿಸಲು ಹೋಗದೆ ತಿಪ್ಪೆಗೆ ಹಾಕಿ. ನೀರು ಚಿಮುಕಿಸಿದ ಹುಲ್ಲನ್ನು ಮಾರನೇ ದಿನಕ್ಕೂ ಉಳಿಸಬೇಡಿ, ಮಳೆಗಾಲದಲ್ಲಿ ಬೇಗ ಹಳಸುತ್ತದೆ.