ಆಂಡೀಸ್ ಬೆಕ್ಕನ್ನು ಗದಗಿನ ತರಗತಿಗೆ ತರುವ ಬಗೆ

ದಕ್ಷಿಣ ಅಮೆರಿಕದ ಪರ್ವತಗಳಲ್ಲಿ ಮಾತ್ರ ಬದುಕುವ, ಅಲ್ಲಿನವರಿಗೂ ಅಪರೂಪಕ್ಕೆ ಕಾಣಿಸುವ ಆಂಡೀಸ್ ಬೆಕ್ಕಿನ ಬಗ್ಗೆ ಕಪ್ಪತಗುಡ್ಡದ ಸುತ್ತಲಿನ ಹೈಸ್ಕೂಲ್ ಮಕ್ಕಳಿಗೆ ಪಾಠ ಹೇಳಬಯಸುವ ಶಿಕ್ಷಕರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಎರಡು ಪೀರಿಯಡ್ ಸಾಕು. ಮೊದಲ ಸಲ ನಾನು ಸಂಖ್ಯೆಯಿಂದ ಆರಂಭಿಸಿ ಎಡವಿದೆ. ಪ್ರಾಯಕ್ಕೆ ಬಂದ ಬೆಕ್ಕುಗಳು 1,400ಕ್ಕಿಂತ ಕಡಿಮೆ ಎಂಬ 2016ರ ಅಂದಾಜನ್ನು ಹಲಗೆಯ ಮೇಲೆ ಬರೆದಾಗ ಹಿಂದಿನ ಬೆಂಚಿನ ಹುಡುಗನೊಬ್ಬ, ‘ನಮ್ಮೂರಾಗ ಅಷ್ಟು ಕುರಿನೂ ಇಲ್ರಿ ಸರ, ಭಾಳ ಅದಾವ ಬಿಡ್ರಿ’ ಎಂದುಬಿಟ್ಟ. ಅವು ಪೆರು, ಬೊಲಿವಿಯಾ, ಚಿಲಿ ಮತ್ತು ಅರ್ಜೆಂಟೀನಾ ಎಂಬ ನಾಲ್ಕು ದೇಶಗಳಲ್ಲಿ ಚದುರಿಹೋಗಿವೆ ಎಂದು ನಾನು ಮೊದಲು ಹೇಳಬೇಕಿತ್ತು. ಸಂಖ್ಯೆಯನ್ನು ಎರಡನೆಯ ಪೀರಿಯಡ್ಡಿಗೆ ಉಳಿಸಿಕೊಂಡು, ಬಾಲದಿಂದ ಶುರು ಮಾಡಿರಿ.

ಹಳೆಯ ಕಂಬಳಿಯ ತುಂಡುಗಳನ್ನು ತರಲು ಮಕ್ಕಳಿಗೆ ಹಿಂದಿನ ದಿನವೇ ಹೇಳಬೇಕು. ಸುಮಾರು 45 ಸೆಂಟಿಮೀಟರ್ ಉದ್ದದ ಕೋಲಿಗೆ ಬೂದು ಬಟ್ಟೆಯನ್ನು ದಪ್ಪವಾಗಿ ಸುತ್ತಿಸಿ, ಅದರ ಮೇಲೆ ಕರಿಕಂಬಳಿಯ ಆರರಿಂದ ಒಂಬತ್ತು ಅಗಲವಾದ ಬಳೆಗಳನ್ನು ಕಟ್ಟಿಸಿದರೆ ಬಾಲ ಸಿದ್ಧವಾಗುತ್ತದೆ. ಮೈಯ ಉದ್ದ ಈ ಬಾಲದ ಸುಮಾರು ಒಂದೂವರೆ ಪಟ್ಟು, ತೂಕ ನಾಲ್ಕರಿಂದ ಐದೂವರೆ ಕಿಲೋ ಎಂದಷ್ಟೇ ತಿಳಿಸಿ, ಉಳಿದ ಬೆಕ್ಕನ್ನು ಮಕ್ಕಳೇ ಸೀಮೆಸುಣ್ಣದಿಂದ ನೆಲದ ಮೇಲೆ ಬರೆಯಲಿ. ಇಷ್ಟು ದೊಡ್ಡ ಬಾಲ ಏಕೆಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಗೋಡೆಯ ಮೇಲೆ ನಡೆಯುವ ಹುಡುಗ ಕೈಚಾಚಿ ಸಮತೋಲ ಕಾಯ್ದುಕೊಳ್ಳುವಂತೆ, ಕಡಿದಾದ ಬಂಡೆಗಳ ಮೇಲೆ ಜಿಗಿಯುವ ಬೆಕ್ಕಿಗೆ ಬಾಲ ನೆರವಾಗುತ್ತದೆ ಎಂದು ವಿವರಿಸಬಹುದು. ಮೂಗಿಗೆ ಕಪ್ಪು ಬಣ್ಣವನ್ನೇ ತುಂಬಿಸಿರಿ. ಅದೇ ಪ್ರದೇಶದಲ್ಲಿರುವ ಪಂಪಾಸ್ ಬೆಕ್ಕಿನ ಮೂಗು ನಸುಗೆಂಪಾಗಿದ್ದು ಬಾಲ ತೆಳ್ಳಗಿರುತ್ತದೆ. ಅನುಭವಿಗಳೂ ಇವೆರಡನ್ನು ಅದಲುಬದಲು ಮಾಡಿಕೊಳ್ಳುವುದುಂಟು.

ಅನಂತರ ತರಗತಿಯ ಗೋಡೆಯನ್ನೇ ಪರ್ವತವಾಗಿಸಬೇಕು. ಒಂದು ಸೆಂಟಿಮೀಟರಿಗೆ 20 ಮೀಟರ್ ಎಂದು ಲೆಕ್ಕ ಹಿಡಿದರೆ, ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದ ಗದಗ ಮಕ್ಕಳ ಮೊಣಕಾಲಿನ ಹತ್ತಿರ ನಿಲ್ಲುತ್ತದೆ, ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿ (1,930 ಮೀಟರ್) ಸೊಂಟದಿಂದ ತುಸು ಮೇಲಿರುತ್ತದೆ, ಬೆಕ್ಕಿನ ಮುಖ್ಯ ನೆಲೆಯಾದ 3,000 ಮೀಟರ್ ಅವರ ತಲೆಯ ಮಟ್ಟದಿಂದ ಆರಂಭವಾಗಿ 5,000 ಮೀಟರಿನವರೆಗೆ, ಅಂದರೆ ಹೆಚ್ಚುಕಡಿಮೆ ಸೂರಿನವರೆಗೆ ಏರುತ್ತದೆ. ಒಂದು ಸ್ವಾರಸ್ಯವನ್ನು ಮರೆಯದೆ ಹೇಳಿರಿ: ಬಹಳ ದಕ್ಷಿಣಕ್ಕಿರುವ, ಆದ್ದರಿಂದ ಚಳಿ ಹೆಚ್ಚಿರುವ ಪೆಟಗೋನಿಯಾದಲ್ಲಿ ಇದೇ ಬೆಕ್ಕು 650 ಮೀಟರಿನಲ್ಲಿಯೂ, ಅಂದರೆ ನಮ್ಮ ಗದಗಿನ ಎತ್ತರದಲ್ಲಿಯೂ ಕಂಡಿದೆ.

ಇದರ ಮುಖ್ಯ ಆಹಾರ ವಿಸ್ಕಾಚ. ನೋಡಲು ಮೊಲದಂತಿದ್ದರೂ ಉದ್ದ ಬಾಲದ ಈ ಪ್ರಾಣಿ ಇಲಿಯ ಬಳಗಕ್ಕೆ ಸೇರಿದ್ದು. ವಿಸ್ಕಾಚಗಳು ಬಂಡೆಗಳ ಸಂದುಗಳಲ್ಲಿ ಗುಂಪಾಗಿರುತ್ತವೆ, ಆದರೆ ಅಂಥ ಬಂಡೆಗಳು ಒಂದೇ ಕಡೆ ಇರುವುದಿಲ್ಲ. ಅಂಗಳದಲ್ಲಿ ದೂರದೂರಕ್ಕೆ ಕಲ್ಲಿನ ಗುಡ್ಡೆಗಳನ್ನಿಟ್ಟು, ಬೆಕ್ಕಾದ ಹುಡುಗಿ ಒಂದರಿಂದ ಇನ್ನೊಂದಕ್ಕೆ ಓಡಲಿ. ಒಂದೊಂದು ಬೆಕ್ಕಿಗೆ ಹತ್ತಾರು ಚದರ ಕಿಲೋಮೀಟರ್ ಏಕೆ ಬೇಕೆಂದು ಅವಳ ಏದುಸಿರೇ ಹೇಳುತ್ತದೆ, ಮತ್ತು 1,400 ಎಂಬ ಸಂಖ್ಯೆಯನ್ನು ಹಲಗೆಯ ಮೇಲೆ ಬರೆಯಲು ತಕ್ಕ ಹೊತ್ತು ಇದೇ.

ಎರಡನೆಯ ಪೀರಿಯಡ್ಡಿನ ಬಹುಪಾಲನ್ನು ಕುರಿಗಾಹಿಗಳಿಗೆ ಮೀಸಲಿಡಿರಿ, ಏಕೆಂದರೆ ನಿಮ್ಮ ತರಗತಿಯಲ್ಲಿ ಅವರ ಮಕ್ಕಳಿರುತ್ತಾರೆ. ಪೆಟಗೋನಿಯಾದ ಮೇಕೆ ಸಾಕುವವರು ಮರಿಗಳನ್ನು ಹಿಡಿಯುತ್ತದೆಂದು ಈ ಬೆಕ್ಕನ್ನು ಕೊಲ್ಲುವುದುಂಟು. ಅರ್ಧ ತರಗತಿ ಮೇಕೆಯವರಾಗಿ, ಇನ್ನರ್ಧ ಬೆಕ್ಕಿನ ಪರವಾಗಿ ವಾದಿಸಲಿ. ಮಕ್ಕಳು ತಾವಾಗಿ ನಾಯಿಯ ಮಾತೆತ್ತಿದರೆ, ಮರಿಯಾಗಿರುವಾಗಿನಿಂದ ಮೇಕೆಗಳ ಜೊತೆಯಲ್ಲೇ ಬೆಳೆದ ಕಾವಲುನಾಯಿಗಳನ್ನು ಅಲ್ಲಿ ನಿಜಕ್ಕೂ ಬಳಸುತ್ತಿದ್ದಾರೆಂದು ಆಗ ತಿಳಿಸಿರಿ, ಮೊದಲೇ ಬೇಡ. ಹಿಡಿತವಿಲ್ಲದೆ ಅಲೆಯುವ ನಾಯಿಗಳು ಅದೇ ಬೆಕ್ಕಿಗೆ ಅಪಾಯವೂ ಆಗುತ್ತವೆ ಎಂಬುದನ್ನು ಸೇರಿಸಲೇಬೇಕು.

ಉತ್ತರದ ಎತ್ತರದ ಬಯಲುಗಳಲ್ಲಿ ಕೆಲವು ಸಮುದಾಯಗಳು ಈ ಬೆಕ್ಕನ್ನು ಪವಿತ್ರವೆಂದು ಭಾವಿಸುತ್ತವೆ. ಹಿಂಡು ಹೆಚ್ಚಲೆಂದು ನಡೆಸುವ ಆಚರಣೆಗಳಲ್ಲಿ ಅದರ ಒಣಗಿದ ಚರ್ಮವನ್ನು ಇಡುತ್ತವೆ. ಮಕ್ಕಳು ನಗಬಹುದು. ಬೀರಪ್ಪನಿಗೂ ದೇವರಗುಡ್ಡದ ಮಾಲತೇಶನಿಗೂ ಕುರಿಗಳ ಕ್ಷೇಮಕ್ಕಾಗಿ ಹರಕೆ ಹೊರುವ ಮನೆಗಳು ನಮ್ಮಲ್ಲೂ ಇವೆಯಲ್ಲ ಎಂದು ಕೇಳಿದರೆ ನಗು ಅಲ್ಲಿಗೇ ನಿಲ್ಲುತ್ತದೆ.

ಬೆಕ್ಕಿನ ನೆಲೆಗೆ ಅಪಾಯವಾಗುವ ಗಣಿಗಾರಿಕೆಯ ವಿಷಯ ಬಂದಾಗ ಮೊಬೈಲ್ ಎತ್ತಿ ತೋರಿಸಿರಿ. ಅದರ ಬ್ಯಾಟರಿಗೆ ಬೇಕಾದ ಲಿಥಿಯಂಗಾಗಿ ಚಿಲಿ, ಅರ್ಜೆಂಟೀನಾಗಳ ಉಪ್ಪುಬಯಲುಗಳಿಂದ ಉಪ್ಪುನೀರನ್ನು ಮೇಲೆತ್ತಿ ಬಿಸಿಲಿಗೆ ಆವಿಯಾಗಿಸುತ್ತಾರೆ, ಆದರೆ ಅದು ಮೊದಲೇ ನೀರಿನ ಕೊರತೆಯಿರುವ ನೆಲ. ಕಪ್ಪತಗುಡ್ಡದಲ್ಲೂ ಗಣಿಗಾರಿಕೆಯ ವಿರುದ್ಧ ಜನ ಹೋರಾಡಿದ್ದನ್ನು, 2019ರಲ್ಲಿ ಅದು ವನ್ಯಜೀವಿಧಾಮವಾದದ್ದನ್ನು ಮಕ್ಕಳ ಬಾಯಿಂದಲೇ ಹೊರಡಿಸಿರಿ. ಹಲವರ ಮನೆಯವರು ಅದನ್ನು ಕಣ್ಣಾರೆ ಕಂಡಿರುತ್ತಾರೆ.

ಮನೆಕೆಲಸಕ್ಕೆ ಒಂದೇ ಪ್ರಶ್ನೆ ಕೊಡಿ: ಗುಡ್ಡದಲ್ಲಿ ಕುರಿ ಮೇಯಿಸುವಾಗ ಅಜ್ಜ ಕಂಡಿದ್ದ ಯಾವ ಪ್ರಾಣಿ ಈಗ ಕಾಣಿಸುವುದಿಲ್ಲ? ಉತ್ತರವನ್ನು ಅಜ್ಜನ ಮಾತಿನಲ್ಲಿಯೇ, ತಿದ್ದದೆ ಬರೆದು ತರಬೇಕು.