ಆಪರೇಷನ್ ಮುಗಿದ ಮೇಲೆ ಶುರುವಾಗುವ ಕೆಲಸ: ಗುಂಡನ ಕಾಲು ಮುರಿದಾಗ ಕಲಿತದ್ದು

ಗೇಟು ತೆರೆದಿತ್ತು, ಗುಂಡ ಓಡಿದ, ಬೈಕು ಬಂತು. ನೋಡಿದರೆ ಹಿಂದಿನ ಬಲಗಾಲು ಜೋತಾಡುತ್ತಿದೆ. ಆರು ವರ್ಷದ, 22 ಕಿಲೋ ತೂಕದ ನಾಯಿ. ನಾನು ಮಾಡಿದ ಮೊದಲ ಕೆಲಸವೇ ತಪ್ಪು. ಓಡಿಹೋಗಿ ತಬ್ಬಿಕೊಂಡೆ. ಅಲ್ಲಿಯವರೆಗೆ ಒಮ್ಮೆಯೂ ಹಲ್ಲು ತೋರಿಸದವನು ಕೈಗೆ ಕಚ್ಚಿಯೇಬಿಟ್ಟ. ನೋವು ಅಷ್ಟಿದ್ದಾಗ ಯಾರ ಕೈ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಹೀಗಾದರೆ ಗಾಯವನ್ನು ಸೋಪು ಹಾಕಿ, ಹರಿಯುವ ನೀರಲ್ಲಿ 15 ನಿಮಿಷ ತೊಳೆದು, ನೀವೂ ಡಾಕ್ಟರ ಹತ್ತಿರ ಹೋಗಿ. ಲಸಿಕೆ ಹಾಕಿಸಿದ ನಾಯಿಯಾದರೂ ಸರಿ.

ಅದಕ್ಕೇ ಮೊದಲು ಬಾಯಿ ಕಟ್ಟಿ. ಉದ್ದನೆಯ ಮೆತ್ತಗಿನ ಬಟ್ಟೆ ಸಾಕು. ಮೂತಿಗೆ ಸುತ್ತಿ, ಗದ್ದದ ಕೆಳಗೆ ದಾಟಿಸಿ, ಕಿವಿಯ ಹಿಂದೆ ಗಂಟು ಹಾಕಿ. ವಾಂತಿ ಮಾಡುತ್ತಿದ್ದರೆ, ಉಸಿರಿಗೆ ಒದ್ದಾಡುತ್ತಿದ್ದರೆ, ಪ್ರಜ್ಞೆ ಇಲ್ಲದಿದ್ದರೆ ಮಾತ್ರ ಕಟ್ಟಬೇಡಿ. ರಕ್ತ ಬರುತ್ತಿದ್ದರೆ ಶುಭ್ರ ಬಟ್ಟೆ ಇಟ್ಟು ಐದು ನಿಮಿಷ ಒತ್ತಿ ಹಿಡಿಯಿರಿ. ನಡುನಡುವೆ ಎತ್ತಿ ನೋಡಬೇಡಿ. ಬಟ್ಟೆ ನೆನೆದರೆ ಮೇಲೆ ಇನ್ನೊಂದು ಇಡಿ. ಮೂಳೆ ಹೊರಗೆ ಕಾಣುತ್ತಿದ್ದರೆ ಒಳಗೆ ತಳ್ಳಬೇಡಿ, ಮೇಲೆ ಬಟ್ಟೆ ಮುಚ್ಚಿ ಅಷ್ಟೆ. ಕೋಲು ಕಟ್ಟಿ ಕಾಲು ನೆಟ್ಟಗೆ ಮಾಡುವ ಸಾಹಸವೂ ಬೇಡ. ತಪ್ಪಾಗಿ ಕಟ್ಟಿದರೆ ಮುರಿದ ತುದಿ ಒಳಗಿನ ಮಾಂಸವನ್ನು ಇನ್ನಷ್ಟು ಹರಿಯುತ್ತದೆ. ನಾವು ಒಂದು ಹಲಗೆಯ ಮೇಲೆ ಕಂಬಳಿ ಹಾಸಿ, ಅದರ ಮೇಲೆ ಮಲಗಿಸಿ ಕಾರಿಗೆ ಸಾಗಿಸಿದೆವು.

ಮನೆಯಲ್ಲಿರುವ ನಮ್ಮ ನೋವಿನ ಮಾತ್ರೆ ಕೊಡಲೇಬೇಡಿ. ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂಥವು ನಾಯಿಯ ಹೊಟ್ಟೆ, ಕಿಡ್ನಿ ಎರಡನ್ನೂ ಹಾಳು ಮಾಡಬಲ್ಲವು. ಕೊಟ್ಟಿದ್ದರೆ ವೈದ್ಯರು ತಮ್ಮ ಸರಿಯಾದ ಔಷಧ ಕೊಡಲೂ ಕಷ್ಟ. ಪಾಪ ಅಂತ ತಿನ್ನಿಸುವುದೂ ಬೇಡ, ಅರಿವಳಿಕೆ ಕೊಡಬೇಕಾಗಬಹುದು.

ಆಸ್ಪತ್ರೆಯಲ್ಲಿ ವೈದ್ಯರು ಕಾಲು ಬಿಟ್ಟು ತುಟಿ ಎತ್ತಿ ಒಸಡು ನೋಡಿದರು, ಎದೆ ಕೇಳಿದರು, ಹೊಟ್ಟೆ ಮುಟ್ಟಿದರು, ಮೂತ್ರ ಮಾಡಿದೆಯಾ ಅಂತ ಕೇಳಿದರು. ನನಗೆ ಸಿಟ್ಟೇ ಬಂತು. ಆದರೆ ಅವರದೇ ಸರಿ. ಗಾಡಿ ಗುದ್ದಿದಾಗ ಶ್ವಾಸಕೋಶ, ಮೂತ್ರಕೋಶಕ್ಕೆ ಆದ ಪೆಟ್ಟು ಹೊರಗೆ ಕಾಣುವುದಿಲ್ಲ, ಜೀವ ತೆಗೆಯುವುದು ಅದು. ಒಸಡನ್ನು ನೀವೂ ನೋಡಬಹುದು. ಬೆರಳಿಂದ ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಗುಲಾಬಿ ಬಣ್ಣ ವಾಪಸ್ ಬರಬೇಕು. ಒಸಡು ಬಿಳುಚಿದ್ದರೆ ಒಂದು ಕ್ಷಣವೂ ಕಾಯಬೇಡಿ.

ಮೊಣಕಾಲಿನ ಕೆಳಗಿನ ಮೂಳೆ ಎರಡಾಗಿತ್ತು. ಪ್ಲೇಟು, ಸ್ಕ್ರೂ ಹಾಕಿದರು. ಮೂರನೇ ದಿನ ಮನೆಗೆ ಬಂದ. ಅಬ್ಬಾ, ಮುಗೀತು ಅಂದುಕೊಂಡೆ. ಅಸಲಿ ಕೆಲಸ ಇದ್ದದ್ದೇ ಆಮೇಲೆ.

ದೊಡ್ಡ ನಾಯಿಯ ಮೂಳೆ ಕೂಡಲು ಸಾಮಾನ್ಯವಾಗಿ 8ರಿಂದ 12 ವಾರ ಬೇಕು, ಮರಿಗಳಿಗೆ ಅಷ್ಟು ಬೇಡ. ಅಷ್ಟು ದಿನ ಓಟ, ನೆಗೆತ, ಮೆಟ್ಟಿಲು, ಸೋಫಾ ಯಾವುದೂ ಇಲ್ಲ. ಎದ್ದು ನಿಂತು ತಿರುಗಿ ಮಲಗುವಷ್ಟು ಜಾಗದ ಒಂದು ಬೋನು, ನಾವೆಲ್ಲ ಓಡಾಡುವ ಕೋಣೆಯಲ್ಲೇ. ಮೂಲೆಯ ಕೋಣೆಯಲ್ಲಿ ಒಂಟಿಯಾಗಿ ಬಿಟ್ಟಾಗ ಅತ್ತು ಅತ್ತು ಬೋನು ಪರಚಿದ. ನುಣುಪು ನೆಲಕ್ಕೆ ರಬ್ಬರ್ ಚಾಪೆ ಹಾಸಿದೆವು. ಹೊರಗೆ ಕರೆದೊಯ್ಯುವುದು ಮಲ ಮೂತ್ರಕ್ಕೆ ಮಾತ್ರ. ಕೊರಳಿಗೆ ಹಗ್ಗ, ಹೊಟ್ಟೆಯ ಕೆಳಗೆ, ತೊಡೆಗಳ ಮುಂದೆ ಉದ್ದಕ್ಕೆ ಮಡಿಸಿದ ಟವೆಲ್. ಟವೆಲಿನ ಎರಡೂ ತುದಿ ಹಿಡಿದು ಸ್ವಲ್ಪ ಎತ್ತಿ ನಡೆಸಿದರೆ ಹಿಂಭಾಗದ ಭಾರ ನಿಮ್ಮ ಕೈಗೆ ಬರುತ್ತದೆ. ಗಂಡು ನಾಯಿಯಾದರೆ ಟವೆಲ್ ತುಂಬಾ ಹಿಂದೆ ಸರಿಯದಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ಮೂತ್ರಕ್ಕೇ ಅಡ್ಡ. ಇದನ್ನು ನಾನು ಒದ್ದೆಯಾಗಿ ಕಲಿತೆ.

ಆಪರೇಷನ್ ಆಗಿ ಎರಡು ಮೂರು ದಿನ ಮಲ ಬರದಿದ್ದರೆ ಗಾಬರಿ ಬೇಡ. ಅರಿವಳಿಕೆ, ನೋವಿನ ಔಷಧ, ಖಾಲಿ ಹೊಟ್ಟೆ ಎಲ್ಲ ಸೇರಿ ಹಾಗಾಗುತ್ತದೆ. ಆದರೆ ವಾಂತಿ, ಕಪ್ಪು ಮಲ ಕಂಡರೆ, ಅವರು ಬರೆದುಕೊಟ್ಟ ನೋವಿನ ಮಾತ್ರೆಯನ್ನೂ ಮತ್ತೆ ಕೊಡದೆ ವೈದ್ಯರಿಗೆ ಫೋನ್ ಮಾಡಿ. ಕೊರಳಿನ ಆಲಿಕೆಯಂಥ ಪ್ಲಾಸ್ಟಿಕ್ ಕಾಲರನ್ನು ಪಾಪ ಅಂತ ತೆಗೆಯಬೇಡಿ. ಒಂದು ಸಲ ಐದು ನಿಮಿಷ ತೆಗೆದೆ. ಅಷ್ಟರಲ್ಲಿ ಒಂದು ಹೊಲಿಗೆ ಕಿತ್ತಿದ್ದ.

ಬ್ಯಾಂಡೇಜ್ ಇದ್ದರೆ ದಿನಕ್ಕೆ ಎರಡು ಸಲ ತುದಿಯ ಬೆರಳು ನೋಡಿ. ನಡುವಿನ ಎರಡು ಉಗುರು ಒಂದಕ್ಕೊಂದು ದೂರ ಸರಿದಂತೆ ಕಂಡರೆ ಒಳಗೆ ಬಾವು ಬಂದಿದೆ, ಬಿಗಿ ಜಾಸ್ತಿಯಾಗಿದೆ ಅಂತ ಅರ್ಥ. ಬೆರಳು ತಣ್ಣಗಿದ್ದರೆ, ವಾಸನೆ ಬಂದರೆ, ಒದ್ದೆಯಾದರೆ ಅವತ್ತೇ ತೋರಿಸಿ. ಹೊರಗೆ ಹೋಗುವಾಗ ಪ್ಲಾಸ್ಟಿಕ್ ಚೀಲ ಕಟ್ಟಿ, ಒಳಗೆ ಬಂದ ತಕ್ಷಣ ಬಿಚ್ಚಿ. ಹಾಗೇ ಬಿಟ್ಟರೆ ಒಳಗೆ ಬೆವೆತು ಚರ್ಮ ಕೊಳೆಯುತ್ತದೆ.

ಈಗ ನನ್ನ ದೊಡ್ಡ ತಪ್ಪು. ಹತ್ತೊಂಬತ್ತನೇ ದಿನ. ಗುಂಡ ಕಾಲು ಊರುತ್ತಿದ್ದ, ಬಾಲ ಅಲ್ಲಾಡಿಸುತ್ತಿದ್ದ, ಬೋನಿನೊಳಗೇ ಕುಣಿಯುತ್ತಿದ್ದ. ಹುಷಾರಾದ ಅಂತ ಹಗ್ಗವಿಲ್ಲದೆ ಬಾಗಿಲು ತೆಗೆದೆ. ಕರೆಗಂಟೆ ಬಾರಿಸಿತು, ಸೋಫಾ ಹಾರಿ ಓಡಿದ. ಸಂಜೆಗೆ ಮತ್ತೆ ಕಾಲು ಎತ್ತಿಕೊಂಡ. ಎಕ್ಸ್‌ರೇಯಲ್ಲಿ ಒಂದು ಸ್ಕ್ರೂ ಸಡಿಲ. ಇನ್ನೊಂದು ಆಪರೇಷನ್ ತಪ್ಪಿತು, ಆದರೆ ಬೋನಿನ ವಾಸ ಮೂರು ವಾರ ಹೆಚ್ಚಾಯಿತು. ಮೂಳೆ ಕೂಡುವ ಮೊದಲೇ ನೋವು ಹೋಗಿಬಿಡುತ್ತದೆ ನೋಡಿ. ಮೊದಲ ವಾರ ನಾಯಿಯೇ ಅಲ್ಲಾಡುವುದಿಲ್ಲ, ಅದು ಸುಲಭ. ಮೂರನೇ ವಾರಕ್ಕೆ ಅದಕ್ಕೆ ತಾನು ಸರಿಯಾಗಿದ್ದೇನೆ ಅನಿಸುತ್ತದೆ, ನಮಗೂ ಹಾಗೇ ಅನಿಸುತ್ತದೆ. ಎಕ್ಸ್‌ರೇ ನೋಡಿ ವೈದ್ಯರು ಹೇಳುವ ತನಕ ಹಗ್ಗ ಬಿಚ್ಚಬೇಡಿ.

ಓಡದ ನಾಯಿಗೆ ತಲೆಗಾದರೂ ಕೆಲಸ ಬೇಕು, ಅಲ್ವಾ? ಊಟವನ್ನು ತಟ್ಟೆಯಲ್ಲಿ ಇಡುವುದು ಬಿಟ್ಟೆ. ಹಳೆ ಟವೆಲಿನ ಮಡಿಕೆಗಳಲ್ಲಿ ಕಾಳುಕಾಳಾಗಿ ಬಚ್ಚಿಟ್ಟು ಸುರುಳಿ ಸುತ್ತಿ ಕೊಟ್ಟೆ. ಮೂಸಿ ಮೂಸಿ ಹುಡುಕಿ ತಿನ್ನಲು ಇಪ್ಪತ್ತು ನಿಮಿಷ. ಆಮೇಲೆ ಸುಸ್ತಾಗಿ ನಿದ್ದೆ. ಊಟದ ಅಳತೆಯನ್ನೂ ವೈದ್ಯರನ್ನು ಕೇಳಿ ಕಡಿಮೆ ಮಾಡಿ. ತೂಕ ಏರಿದರೆ ಆ ಕಾಲಿಗೇ ಹೊರೆ.

ಎಂಟನೇ ವಾರದಿಂದ ವೈದ್ಯರು ಹೇಳಿದಂತೆ ಐದೈದು ನಿಮಿಷದ ನಿಧಾನ ನಡಿಗೆ. ನಿಧಾನ ನಡೆದರೇ ನಾಲ್ಕನೇ ಕಾಲು ಊರುತ್ತದೆ. ಜೋರು ಮಾಡಿದರೆ ಮೂರೇ ಕಾಲಲ್ಲಿ ಕುಪ್ಪಳಿಸಿ ತಪ್ಪಿಸಿಕೊಳ್ಳುತ್ತಾನೆ. ತೊಡೆಯ ಮಾಂಸ ಕರಗಿ ಕಡ್ಡಿಯಾಗಿತ್ತು. ತುಂಬಿಕೊಳ್ಳಲು ತಿಂಗಳುಗಳೇ ಹಿಡಿದವು.

ನಾನು ಒಂದೇ ಗುರುತಿಗೆ ಕಾಯುತ್ತಿದ್ದೆ. ಅಪಘಾತವಾದಾಗಿನಿಂದ ಮೂತ್ರ ಮಾಡಲು ಅವನು ಎತ್ತಿದ್ದು ಬಲಗಾಲೊಂದನ್ನೇ. ಒಂದು ಬೆಳಿಗ್ಗೆ ಬಲಗಾಲನ್ನು ಗಟ್ಟಿಯಾಗಿ ಊರಿ, ಎಡಗಾಲು ಎತ್ತಿದ. ಗುರಿ ಮಾತ್ರ ಇನ್ನೂ ಸರಿಯಿರಲಿಲ್ಲ, ನನ್ನ ಚಪ್ಪಲಿಯ ಮೇಲೇ ಬಿತ್ತು.