ಹೆಲಿಕಾಪ್ಟರ್ ಬಕೆಟ್: ಯಾವುದು ವಾಸಿ ಅಂತ ನೋಡುವುದು ಹೇಗೆ?

ಕಾಳ್ಗಿಚ್ಚಿನ ವಿಡಿಯೊಗಳಲ್ಲಿ ನೀವೂ ನೋಡಿರುತ್ತೀರಿ. ಹೆಲಿಕಾಪ್ಟರ್ ಕೆಳಗೆ ಚೀಲದಂಥದ್ದೊಂದು ತೂಗಾಡುತ್ತಾ ಬರುತ್ತದೆ. ಹೊಗೆಯ ಮೇಲೆ ಬಂದಾಗ ತಳ ಬಿಚ್ಚಿಕೊಂಡು ನೀರು ದಬದಬನೆ ಸುರಿಯುತ್ತದೆ. ದೂರದಿಂದ ಎಲ್ಲಾ ಬಕೆಟ್‌ಗಳೂ ಒಂದೇ ಥರ ಕಾಣುತ್ತವೆ. ಆದರೆ ಇವುಗಳಲ್ಲಿ ಸುಮಾರು 270 ಲೀಟರಿನ ಪುಟಾಣಿಯೂ ಉಂಟು, ರಷ್ಯಾದ ದೈತ್ಯ ಹೆಲಿಕಾಪ್ಟರ್ ಎಂಐ-26 ಹೊರುವ 15,000 ಲೀಟರಿನದೂ ಉಂಟು. ಎರಡು ಬಕೆಟ್ ಮುಂದಿಟ್ಟರೆ ಹೆಚ್ಚಿನವರ ಕೈ ದೊಡ್ಡದರ ಕಡೆಗೇ ಹೋಗುತ್ತದೆ. ಸ್ವಲ್ಪ ತಡೆಯಿರಿ. ಒಂದು ಗಂಟೆಯಲ್ಲಿ ಬೆಂಕಿಯ ಮೇಲೆ ಎಷ್ಟು ನೀರು ಬೀಳುತ್ತದೆ ಅನ್ನುವುದನ್ನು ಲೆಕ್ಕ ಹಾಕಿ ನೋಡೋಣ.

ಮೊದಲ ಹೆಜ್ಜೆ: ತೂಕ

ಒಂದು ಲೀಟರ್ ನೀರೆಂದರೆ ಒಂದು ಕಿಲೋ. ಹೀಗಾಗಿ ಲೆಕ್ಕ ಸುಲಭ. ಹೆಲಿಕಾಪ್ಟರ್ ತನ್ನ ಹೊಟ್ಟೆಯಡಿಯ ಕೊಕ್ಕೆಯಲ್ಲಿ 1,100 ಕಿಲೋ ಎತ್ತಬಲ್ಲದು ಅಂದುಕೊಳ್ಳಿ. 1,000 ಲೀಟರಿನ ಬಕೆಟ್, ಅದರ ಹಗ್ಗ, ಕಬ್ಬಿಣ ಎಲ್ಲಾ ಸೇರಿ 70 ಕಿಲೋ. ಒಟ್ಟು 1,070. ಸರಿಹೋಯಿತು, ಅಲ್ವಾ?

ಸರಿಹೋಗಲಿಲ್ಲ. ಬೆಟ್ಟದ ಮೇಲೆ, ಸುಡುವ ಮಧ್ಯಾಹ್ನದಲ್ಲಿ ಗಾಳಿ ತೆಳುವಾಗಿರುತ್ತದೆ. ರೆಕ್ಕೆಗೆ ಹಿಡಿತ ಸಿಗುವುದಿಲ್ಲ, ಎಂಜಿನ್ನೂ ಸೊರಗುತ್ತದೆ. ಅದೇ ಹೆಲಿಕಾಪ್ಟರ್ ಈಗ 850 ಕಿಲೋ ಎತ್ತಿದರೆ ಹೆಚ್ಚು. ಬಕೆಟ್ಟಿನ 70 ಕಳೆದರೆ ಉಳಿಯುವುದು 780 ಲೀಟರ್. ಕಾಡಿಗೆ ಬೆಂಕಿ ಜಾಸ್ತಿ ಬೀಳುವುದೂ ಇಂಥ ಮಧ್ಯಾಹ್ನಗಳಲ್ಲೇ. ಹಾಗಾಗಿ ಬಕೆಟ್ ಎಷ್ಟು ಹಿಡಿಯುತ್ತದೆ ಅಂತ ಕೇಳುವಾಗಲೇ, ಬೇಕೆಂದಾಗ ಕಮ್ಮಿ ಹಿಡಿಯುತ್ತದಾ ಅಂತಲೂ ಕೇಳಬೇಕು. ಬಟ್ಟೆಯಂತೆ ಮಡಚುವ ‘ಬ್ಯಾಂಬಿ’ ಅನ್ನುವ ಬಕೆಟ್‌ನಲ್ಲಿ ಇದಕ್ಕೊಂದು ಪಟ್ಟಿ ಇರುತ್ತದೆ. ಲಂಗದ ಲಾಡಿ ಎಳೆದ ಹಾಗೆ ಅದನ್ನು ಬಿಗಿದರೆ ಹೊಟ್ಟೆ ಕಿರಿದಾಗಿ ಶೇ 90, 80 ಅಥವಾ 70ರಷ್ಟು ಮಾತ್ರ ತುಂಬುತ್ತದೆ. ನಮ್ಮ ಲೆಕ್ಕಕ್ಕೆ ಶೇ 70, ಅಂದರೆ 700 ಲೀಟರ್. ಇಂಧನ ಖರ್ಚಾದಂತೆ ಹೆಲಿಕಾಪ್ಟರ್ ಹಗುರವಾಗುತ್ತದೆ, ಆಗ ಪಟ್ಟಿ ಸಡಿಲಿಸಬಹುದು. ಆದರೆ ಅದಕ್ಕೆ ನೆಲಕ್ಕಿಳಿಯಲೇಬೇಕು. ಬೇಕಾದಾಗ ತೆರೆದು ಮುಚ್ಚುವ ವಾಲ್ವ್ ಇರುವ ಬಕೆಟ್ ಆದರೆ ಪೈಲಟ್ ಕೂತಲ್ಲಿಂದಲೇ ಹೆಚ್ಚಿನ ನೀರು ಚೆಲ್ಲಿ ಮೇಲೇಳುತ್ತಾನೆ.

ಎರಡನೆಯದು: ಮಡಚುವಂಥದ್ದೋ, ಗಟ್ಟಿಯದ್ದೋ?

ಹಿಂದೆ ಇದ್ದವು ಲೋಹದ ಅಥವಾ ಫೈಬರ್‌ಗ್ಲಾಸಿನ ಗಟ್ಟಿ ಡ್ರಮ್ಮುಗಳು. ಹೆಲಿಕಾಪ್ಟರ್ ಒಳಗೆ ಹಿಡಿಸುತ್ತಿರಲಿಲ್ಲ. ಬೆಂಕಿಯ ಜಾಗದವರೆಗೂ ತೂಗಿಸಿಕೊಂಡೇ ಹೋಗಬೇಕು, ಇಲ್ಲವೇ ಲಾರಿಯಲ್ಲಿ ಕಳಿಸಬೇಕು. 1980ರ ದಶಕದ ಮೊದಲ ವರ್ಷಗಳಲ್ಲಿ ಕೆನಡಾದ ಡಾನ್ ಆರ್ನಿ ಬಟ್ಟೆಯಂತೆ ಮಡಚುವ ಬಕೆಟ್ ಮಾಡಿದರು. ಅದೇ ಬ್ಯಾಂಬಿ. ಈಗ ಇಂಥ ಬಕೆಟ್ಟಿಗೆಲ್ಲ ಜನ ಅದೇ ಹೆಸರು ಹಿಡಿದು ಕರೆಯುತ್ತಾರೆ.

ಖಾಲಿ ಬಕೆಟ್ ಕೆಟ್ಟದ್ದು ಅಂದರೆ ನಂಬುತ್ತೀರಾ? ತುಂಬಿದ್ದು ತನ್ನ ಭಾರಕ್ಕೆ ನೆಟ್ಟಗೆ ನೇತಾಡುತ್ತದೆ. ಖಾಲಿಯದ್ದು ವೇಗ ಹೆಚ್ಚಿದಂತೆ ಗಾಳಿಪಟದ ಹಾಗೆ ಹಿಂದಕ್ಕೆ ಏಳುತ್ತದೆ. ಹಿಂದೆ ಇರುವುದು ಬಾಲದ ರೆಕ್ಕೆ. ಅದಕ್ಕೇ ಖಾಲಿ ಬಕೆಟ್ ಜೊತೆ ಇಷ್ಟೇ ವೇಗ ಅಂತ ಮಿತಿ ಇರುತ್ತದೆ. ಹೋಲಿಸುವಾಗ ಕೈಪಿಡಿಯಲ್ಲಿ ಈ ಸಂಖ್ಯೆಯನ್ನು ಹುಡುಕಿ. ಮಡಚಿ ಒಳಗಿಟ್ಟುಕೊಂಡರೆ ಬೆಂಕಿಯ ಹತ್ತಿರದವರೆಗೂ ಈ ಚಿಂತೆಯೇ ಇಲ್ಲ, ಪೂರಾ ವೇಗದಲ್ಲಿ ಹೋಗಬಹುದು. ಗಟ್ಟಿ ಬಕೆಟ್ಟಿಗೂ ಅದರದ್ದೇ ಗುಣ ಇದೆ. ಕಲ್ಲಿಗೆ ಉಜ್ಜಿದರೆ ಬಟ್ಟೆಯಂತೆ ಹರಿಯುವುದಿಲ್ಲ. ಕಾಡಿನ ಪಕ್ಕದಲ್ಲೇ ಹೆಲಿಪ್ಯಾಡ್ ಇದ್ದರೆ ನಾನು ಅದನ್ನು ಬೇಡ ಅನ್ನುವುದಿಲ್ಲ.

ಮೂರನೆಯದು: ನೀರು ಎಲ್ಲಿದೆ, ಎಷ್ಟು ಆಳ ಇದೆ?

ಬಟ್ಟೆ ಬಕೆಟ್ಟಿನ ಬಾಯಂಚಿನಲ್ಲಿ ಒಂದು ಕಡೆ ಮಾತ್ರ ಭಾರ ಇಟ್ಟಿರುತ್ತಾರೆ. ನೀರು ಮುಟ್ಟಿದ ಕೂಡಲೇ ಅದು ಆ ಬದಿಗೆ ವಾಲಿ, ಗಟಗಟ ನೀರು ಕುಡಿದು ಮುಳುಗುತ್ತದೆ. ಬಾವಿಯಲ್ಲಿ ಕೊಡ ವಾಲಿಸಿ ಮುಳುಗಿಸುವ ಉಪಾಯವೇ. ಆದರೆ ಮುಳುಗಲು ಹೆಚ್ಚುಕಮ್ಮಿ ಬಕೆಟ್ಟಿನ ಎತ್ತರದಷ್ಟು ಆಳ ಬೇಕು. ಮೊಣಕಾಲುದ್ದ ನೀರಿದ್ದರೆ ಪಂಪ್ ಇರುವ ಬಕೆಟ್ಟೇ ಗತಿ. ಪಂಪಿಗೆ ಹೆಲಿಕಾಪ್ಟರಿನ ಕರೆಂಟು ಬೇಕು, ಅದರ ತೂಕದಷ್ಟು ನೀರು ಬಿಟ್ಟುಕೊಡಬೇಕು. ಆದರೂ ದೂರದ ಕೆರೆಗೆ ಹೋಗುವ ಬದಲು ಪಕ್ಕದ ಹೊಂಡ ಸಾಕಾದರೆ ಲಾಭವೇ. ಎಷ್ಟು ಲಾಭ ಅಂತ ನೋಡಿ:

ಬಕೆಟ್ ಒಂದು: 800 ಲೀಟರ್. ನೀರು ಹತ್ತಿರ. ತುಂಬಿ, ಸುರಿದು, ವಾಪಸ್ ಬರಲು 4 ನಿಮಿಷ. ಗಂಟೆಗೆ 15 ಸುತ್ತು, ಅಂದರೆ 12,000 ಲೀಟರ್.

ಬಕೆಟ್ ಎರಡು: 2,500 ಲೀಟರ್. ಆಳದ ನೀರು ದೂರ. ಒಂದು ಸುತ್ತಿಗೆ 15 ನಿಮಿಷ. ಗಂಟೆಗೆ 4 ಸುತ್ತು, 10,000 ಲೀಟರ್.

ಚಿಕ್ಕದೇ ಗೆದ್ದಿತು. ಯಾವ ಎರಡು ಬಕೆಟ್ ಹೋಲಿಸಿದರೂ ಈ ಗುಣಾಕಾರವನ್ನು ಮಾತ್ರ ಬಿಡಬೇಡಿ. ಲೀಟರ್ ಎಷ್ಟಿದೆಯೋ ಅದನ್ನು ಗಂಟೆಗೆ ಎಷ್ಟು ಸುತ್ತು ಅನ್ನುವುದರಿಂದ ಗುಣಿಸಿ, ಅಷ್ಟೆ.

ನಾಲ್ಕನೆಯದು: ನೀರು ಬೀಳುವ ರೀತಿ

ಒಂದೇ ಸಲ ತೆರೆಯುವ ವಾಲ್ವ್ ನೀರನ್ನು ಒಂದೇ ರಾಶಿಯಾಗಿ ಸುರಿಯುತ್ತದೆ. ನಿಂತಲ್ಲೇ ಸುರಿದರೆ ಉರಿಯುವ ಒಂದು ಮರ ಆರಬಹುದು, ಮುಂದಕ್ಕೆ ಹೋಗುತ್ತಾ ಸುರಿದರೆ ಉದ್ದನೆಯ, ತೆಳ್ಳಗಿನ ಪಟ್ಟಿ ಬೀಳುತ್ತದೆ. ನಡುವೆ ಮುಚ್ಚುವ ವಾಲ್ವ್ ಇದ್ದರೆ ಒಂದೇ ಬಕೆಟ್ ನೀರನ್ನು ಮೂರ್ನಾಲ್ಕು ಕಡೆ ಹಂಚಬಹುದು. ಅಮೆರಿಕದ ಅರಣ್ಯ ಸೇವೆಯವರು ಇದನ್ನು ಅಳೆಯುವ ರೀತಿ ನನಗೆ ಬಹಳ ಇಷ್ಟ. ಬಯಲಲ್ಲಿ ಸಾಲುಸಾಲಾಗಿ ಲೋಟಗಳನ್ನು ನಿಲ್ಲಿಸುತ್ತಾರೆ. ಮೇಲಿಂದ ನೀರು ಸುರಿಸಿ, ಯಾವ ಲೋಟಕ್ಕೆ ಎಷ್ಟು ಬಿತ್ತು ಅಂತ ಒಂದೊಂದನ್ನೂ ತೂಗುತ್ತಾರೆ. ನೀರು ಎಲ್ಲಿ ದಟ್ಟ, ಎಲ್ಲಿ ತೆಳು ಅಂತ ನಕ್ಷೆಯೇ ಸಿಗುತ್ತದೆ.

ಇನ್ನು ಹಗ್ಗ. ಗಿಡ್ಡ ಹಗ್ಗದಲ್ಲಿ ಹಾರಾಟ ಸುಲಭ, ಆದರೆ ರೆಕ್ಕೆಯ ಗಾಳಿ ಬೆಂಕಿಗೆ ಬೀಸಣಿಗೆಯಾಗುತ್ತದೆ. ನೂರು ಅಡಿ, ಇನ್ನೂರು ಅಡಿಯ ಹಗ್ಗ ಇದ್ದರೆ ಆ ಕಾಟ ಕಮ್ಮಿ, ಮರಗಳ ನಡುವಿನ ಹೊಂಡದಿಂದಲೂ ನೀರೆತ್ತಬಹುದು. ಆದರೆ ಪೈಲಟ್ ಕಿಟಕಿಯಿಂದ ಬಗ್ಗಿ ಕೆಳಗೆ ನೋಡುತ್ತಾ ಹಾರಿಸಬೇಕು, ಅದಕ್ಕೆ ಬೇರೆಯದೇ ಪಳಗಿದ ಕೈ ಬೇಕು. ಮನೆ, ರಸ್ತೆಗಳ ಮೇಲೆ ಹಾರಬೇಕಾದ ಕಡೆ ನೇತಾಡುವ ಬಕೆಟ್ಟೇ ತೊಂದರೆ. ಅಲ್ಲಿಗೆ ಹೊಟ್ಟೆಯಡಿಯಲ್ಲೇ ಟ್ಯಾಂಕ್ ಕೂರಿಸಿದ ಹೆಲಿಕಾಪ್ಟರ್ ಒಳ್ಳೆಯದು.

ಕೊನೆಗೆ, ಕೊಳ್ಳುವ ಮೊದಲು ಬಕೆಟ್ಟನ್ನು ಕ್ರೇನಿಗೆ ನೇತುಹಾಕಿಸಿ, ಪೈಪಿನಿಂದ ತುಂಬಿಸಿ. ಕೆಳಗೆ ಒಣಗಿದ ಸಿಮೆಂಟ್ ನೆಲ ಇರಲಿ. ಹತ್ತು ನಿಮಿಷ ಸುಮ್ನೆ ಕಾಯಿರಿ, ಅಡಿಯಲ್ಲಿ ನಿಲ್ಲಬೇಡಿ. ಆಮೇಲೆ ನೆಲ ನೋಡಿ. ಅಲ್ಲೊಂದು ಇಲ್ಲೊಂದು ಹನಿ ಪರವಾಗಿಲ್ಲ. ನೀರು ಸಾಲು ಹಿಡಿದು ಹರಿಯುತ್ತಿದ್ದರೆ ವಾಲ್ವಿನ ರಬ್ಬರ್ ಹೋಗಿದೆ, ಬದಲಿಸಿ ಕೊಡಲು ಹೇಳಿ.